ಟವೆಲ್ಲಿನ ಕೆಳಗೆ

ಮಧ್ಯಾಹ್ನ ಮೂರು ಗಂಟೆಯೊಳಗೆ ಐಶ್ವರ್ಯಾ ತನ್ನ ಕೀಲಿಯನ್ನು ಎಸೆಯಬೇಕಿತ್ತು. ಎರಡೂ ಮುಕ್ಕಾಲಾದರೂ ಅವಳ ಬೆರಳು ಮುಂದೆ ಹೋಗಿರಲಿಲ್ಲ. ಬೇಗಂಪೇಟೆಯ ಆ ಎರಡು ಕೋಣೆಯ ಆಫೀಸಿನಲ್ಲಿ ಅವಳು ಲ್ಯಾಪ್‌ಟಾಪ್ ನೋಡುತ್ತ ಕೂತಿದ್ದಳು. ಹಿಮಾಯತ್‌ನಗರದಿಂದ ಬಸ್ಸಿನಲ್ಲಿ ಬುತ್ತಿ ತಂದಿದ್ದ ಅಪ್ಪ ಅಮರೇಶಪ್ಪನವರು ಅವಳ ಮುಖ ನೋಡುತ್ತ ಕೂತಿದ್ದರು. ರೊಟ್ಟಿ ಡಬ್ಬಿಯಲ್ಲೇ ಆರುತ್ತಿತ್ತು.

"ಒಮ್ಮೆ ಒಗದ್ರ ಮತ್ತ ಸಿಗಂಗಿಲ್ಲ, ವಿಚಾರ ಮಾಡು," ಎಂದ ಅವಳ ಪಾಲುದಾರ ಚೇತನಕುಮಾರ. "ನಾಳೆ ಒಳಗೊಂದು ತಪ್ಪು ಕಂಡ್ರ ರಿಪೇರಿ ಮಾಡಾವ್ರು ಯಾರು? ಇಟ್ಕೊಂಡಿರೋಣು. ಮುಟ್ಟದಿದ್ರಾತು."

ಅಮರೇಶಪ್ಪನವರು ಇಷ್ಟು ಹೊತ್ತೂ ಅದು ಕಬ್ಬಿಣದ ಕೀಲಿಯೇ ಇರಬೇಕೆಂದು ಮೇಜಿನ ಮೇಲೆಲ್ಲ ಕಣ್ಣಾಡಿಸುತ್ತಿದ್ದರು, ಪಾಪ. ಕೊನೆಗೆ ಕೇಳಿಯೇಬಿಟ್ಟರು. "ಎಲ್ಲೈತಿ ಆ ಕೀಲಿ?"

"ಕಣ್ಣಿಗೆ ಕಾಣೋದಲ್ಲರಿ ಅಪ್ಪಾ. ನಾವೊಂದು ಪ್ಯಾಟಿ ಕಟ್ಟೀವಲ್ಲ, ಇಂಟರ್ನೆಟ್ಟಿನಾಗ? ಡಿಫೈ ಅಂತಾರ ಅದಕ್ಕ. ದೇಶದೇಶದ ಮಂದಿ ತಮ್ಮ ಡಿಜಿಟಲ್ ನಾಣ್ಯ ಅಲ್ಲೇ ಅದಲುಬದಲು ಮಾಡ್ಕೊತಾರ. ರೇಟು ಎಲ್ಲಾರಿಗೂ ಕಾಣತೈತಿ. ನಡುವ ಬ್ಯಾಂಕಿಲ್ಲ, ದಲಾಲಿ ಇಲ್ಲ. ಬರದಿಟ್ಟ ನಿಯಮ ತಾನ ನಡಸ್ತೈತಿ. ಆ ನಿಯಮ ತಿದ್ದೋ ಅಧಿಕಾರ ಮಾತ್ರ ಇನ್ನೂ ನನ್ನ ಕೈಯಾಗೈತಿ. ಅದ ಕೀಲಿ."

ಹೋದ ವರ್ಷ ಇಂಥದೇ ಇನ್ನೊಂದು ಪೇಟೆಯ ಮಾಲೀಕರು, ಹೀಗೆಯೇ ಕೈಯಲ್ಲಿಟ್ಟುಕೊಂಡಿದ್ದ ಕೀಲಿಯಿಂದ ಜನರ ನಾಣ್ಯವನ್ನೆಲ್ಲ ಒಂದೇ ದಿನದಲ್ಲಿ ಬಳಿದುಕೊಂಡು ಮಾಯವಾಗಿದ್ದರು. ಅಂದಿನಿಂದ ಜನ ಬೆದರಿದ್ದರು. ಕೀಲಿ ಎಸೆಯಿರಿ, ಇಲ್ಲವಾದರೆ ನಮ್ಮ ನಾಣ್ಯ ತೆಗೆದುಕೊಂಡು ಹೊರಟೆವು ಎಂದು ಅವಳಿಗೂ ಬರೆದಿದ್ದರು. ಇವತ್ತು ಮೂರು ಗಂಟೆಗೆ ಎಂದು ಅವಳೇ ಮಾತು ಕೊಟ್ಟಿದ್ದಳು. ಮೂರು ವರ್ಷದ ದುಡಿಮೆ ಆ ಒಂದು ಮಾತಿನ ಮೇಲೆ ನಿಂತಿತ್ತು.

ಅಮರೇಶಪ್ಪನವರಿಗೆ ಕಂಪ್ಯೂಟರಿನ ತಲೆಬುಡ ತಿಳಿಯದಿದ್ದರೂ ಪೇಟೆ ತಿಳಿಯುತ್ತಿತ್ತು. ಸೇಡಂ ಕಡೆ ನಲವತ್ತು ವರ್ಷ ತೊಗರಿ ದಲಾಲಿ ಮಾಡಿದ ಮನುಷ್ಯ. ಅವರ ಕಾಲದಲ್ಲಿ ದರವನ್ನು ಬಾಯಲ್ಲಿ ಆಡುತ್ತಿರಲಿಲ್ಲ. ಟವೆಲ್ಲಿನ ಕೆಳಗೆ ದಲಾಲಿ ಮೊದಲು ಕೊಳ್ಳುವವನ ಕೈ ಹಿಡಿಯಬೇಕು, ಆಮೇಲೆ ಮಾರುವವನ ಕೈ. ಬೆರಳುಗಳೇ ದರ ಹೇಳುತ್ತಿದ್ದವು, ಒಂದು ಬೆರಳೆಂದರೆ ಚೀಲಕ್ಕೆ ನೂರು ರೂಪಾಯಿ. ಎರಡೂ ಕಡೆಯ ಬೆರಳು ಗೊತ್ತಿದ್ದದ್ದು ನಡುವಿನವನೊಬ್ಬನಿಗೇ. ಮುಂದೆ ಟೆಂಡರು ಬಂತು, ಕಂಪ್ಯೂಟರೂ ಬಂತು. ಏನು ಬಂದರೂ ನಡುವೆ ಒಬ್ಬ ಕೂತೇ ಇದ್ದ. ನಡುವಿನವನು ತಾನಾಗಿ ಎದ್ದುಹೋಗುವುದನ್ನು ಮಾತ್ರ ಅವರು ಕಂಡಿರಲಿಲ್ಲ, ಕೇಳಿಯೂ ಇರಲಿಲ್ಲ.

"ಮುಟ್ಟದಿದ್ರಾತು ಅಂದೆಲ್ಲ ತಮ್ಮಾ," ಎಂದರು ಚೇತನಕುಮಾರನ ಕಡೆ ತಿರುಗಿ. "ಕೈ ಟವೆಲ್ಲಿನ ಕೆಳಗ ಇದ್ರ, ಒಂದಿಲ್ಲೊಂದಿನ ಬೆರಳು ಆಡ್ತಾವ."

"ನಿಮ್ಮ ಬೆರಳು ಆಡಿದ್ವೇನ್ರಿ ಕಾಕಾ?" ಎಂದು ಚೇತನಕುಮಾರ ನಕ್ಕ.

ಅಮರೇಶಪ್ಪನವರು ನಗಲಿಲ್ಲ. "ನೀ ಮೊದಲ ಕೀಲಿ ಒಗಿ ಮಗಳ. ಆಮ್ಯಾಲ ಹೇಳ್ತೀನಿ."

ಐಶ್ವರ್ಯಾ ಲ್ಯಾಪ್‌ಟಾಪಿನ ಗುಂಡಿ ಒತ್ತಿದಳು. ಸದ್ದಿಲ್ಲ, ಗದ್ದಲವಿಲ್ಲ. ಹೊರಗೆ ಸ್ಟೇಷನ್ನಿನಲ್ಲಿ ಲೋಕಲ್ ರೈಲೊಂದು ನಿಂತು ಹೊರಟಿತು.

"ಆತೇನು?"

"ಆತ್ರಿ."

"ಇಷ್ಟಕ್ಕ? ಖರೇನ ಹೋತೋ ಇಲ್ಲೋ, ಏನರೆ ತಿದ್ದಿ ನೋಡು."

ಅವಳು ಪೇಟೆಯ ಕಮಿಷನ್ನನ್ನು ಕೂದಲೆಳೆಯಷ್ಟು ಏರಿಸಲು ನೋಡಿದಳು. ಪರದೆಯ ಮೇಲೆ ಕೆಂಪು ಸಾಲೊಂದು ಮೂಡಿತು. ಅದನ್ನವಳು ಅಪ್ಪನಿಗಾಗಿ ಕನ್ನಡದಲ್ಲಿ ಓದಿದಳು: "ಕೇಳುತ್ತಿರುವವರು ಮಾಲೀಕರಲ್ಲ."

ಇನ್ನೊಮ್ಮೆ ಒತ್ತಿದಳು, ಅದೇ ಉತ್ತರ. ಚೇತನಕುಮಾರ ತನ್ನ ಕಡೆಯಿಂದ ಪ್ರಯತ್ನಿಸಿದ. ಅವನಿಗೂ ಅದೇ ಉತ್ತರ.

ಅಮರೇಶಪ್ಪನವರು ಕುರ್ಚಿಯಿಂದ ಎದ್ದೇ ನಿಂತರು. ಓದಲು ಬಾರದ ಆ ಕೆಂಪು ಸಾಲನ್ನು ಕನ್ನಡಕ ಸರಿಮಾಡಿಕೊಂಡು ಹತ್ತಿರದಿಂದ ನೋಡಿದರು. "ಹಡದಾಕಿಗೇ ನೀ ಯಾರು ಅಂತೈತಲ್ಲ ಇದು," ಎಂದರು. ಅವರ ಮೈ ಜುಮ್ಮೆಂದಿತ್ತು. ಯಾವ ಪೊಲೀಸು, ಯಾವ ದೇವರ ಆಣೆ ಇಷ್ಟು ಗಟ್ಟಿಯಾಗಿ ಇಲ್ಲ ಎಂದಿತ್ತು ತಮ್ಮ ಕಾಲದಲ್ಲಿ?

ಮೂರು ಹೊಡೆಯಿತು. ಮೂವರೂ ಪರದೆಗೆ ಕಣ್ಣು ನೆಟ್ಟು ನಿಂತರು. ನಾಣ್ಯ ಹಿಂದಕ್ಕೆ ಪಡೆದ ಸಾಲು ಒಂದೂ ಬರಲಿಲ್ಲ. ಬದಲಿಗೆ ಒಂದು ವ್ಯಾಪಾರ ಬಂತು, ಅದರ ಹಿಂದೆ ಇನ್ನೊಂದು, ಆಮೇಲೆ ಸಾಲುಸಾಲು. ಕೊಟ್ಟವರಾರೋ, ಕೊಂಡವರಾರೋ, ಯಾವ ಊರೋ. ದರ ಮಾತ್ರ ಜಗತ್ತಿಗೆಲ್ಲ ಕಾಣುವಂತೆ ಬಯಲಲ್ಲಿತ್ತು, ನಡುವೆ ಯಾರ ಕೈಯೂ ಇರಲಿಲ್ಲ. ಅಮರೇಶಪ್ಪನವರ ಎರಡೂ ಕೈ ತಮ್ಮಷ್ಟಕ್ಕೆ ತಾವೇ ಜೋಡಿಕೊಂಡವು. ಐಶ್ವರ್ಯಾ ಕಣ್ಣೊರೆಸಿಕೊಂಡಳು. ಡಬ್ಬಿ ತೆರೆದು ರೊಟ್ಟಿ ಮುರಿಯುತ್ತ ಕೇಳಿದಳು, "ಆಮ್ಯಾಲ ಹೇಳ್ತೀನಿ ಅಂದಿದ್ರಿ."

ಅವರು ಹೆಗಲ ಮೇಲಿನ ಟವೆಲ್ ತೆಗೆದು ಮೇಜಿನ ಮೇಲೆ ಹಾಸಿದರು. ಹಳೆಯ ರೂಢಿ, ಬಲಗೈ ಅದರ ಕೆಳಗೆ ನುಸುಳಲು ಹೋಯಿತು. ಅದನ್ನು ಹಿಂದಕ್ಕೆಳೆದು ಟವೆಲ್ಲಿನ ಮೇಲೆ, ಟ್ಯೂಬ್‌ಲೈಟಿನ ಬೆಳಕಿನಲ್ಲಿ ಇಟ್ಟರು.

"ಸುಗಲಮ್ಮ ಅಂತ ಒಬ್ಬಾಕಿ ಇದ್ಳು. ಎಂಟು ಚೀಲ ತೊಗರಿ ತಂದಿದ್ಳು. ನನ್ನ ಮ್ಯಾಲ ಭಾಳ ನಂಬಿಗಿ ಆಕಿಗೆ." ಎಡಗೈಯಿಂದ ಟವೆಲ್ಲಿನ ಅಂಚು ನೇರ ಮಾಡಿದರು. "ಆಕಿ ಕೈಯಾಗ ನಾ ಹೇಳಿದ್ದು ಇಷ್ಟು."

ಮೂರು ಬೆರಳು ಮೇಲೆದ್ದವು.

"ಕೊಂಡಾವ ನನ್ನ ಕೈಯಾಗ ಹೇಳಿದ್ದು..."

ನಾಲ್ಕನೆಯ ಬೆರಳು ಮೇಲೇಳಲು ಬಹಳ ಹೊತ್ತು ಹಿಡಿಯಿತು.