ಲೆಕ್ಕಕ್ಕೆ ಸಿಗದ ಮನೆ

ಗೇಟಿನ ಹೊರಗೆ ಕಾರು ನಿಂತ ಸದ್ದಾಗುತ್ತಲೇ ಗಂಗರತ್ನಮ್ಮ ಕೈಸನ್ನೆ ಮಾಡಿದಳು. ಹೂ ಕಟ್ಟುತ್ತಿದ್ದ ಮುನಿಲಕ್ಷ್ಮಿ ಮಗಳನ್ನು ಎತ್ತಿಕೊಂಡು ಒಳಕೋಣೆ ಸೇರಿದಳು. ಅಗುಳಿ ಬಿತ್ತು.

ಗಂಗರತ್ನಮ್ಮ ಸೇವಂತಿಗೆ ರಾಶಿಯ ಮುಂದೆ ಕೂತಲ್ಲೇ ಕೂತಳು. ತಳಿ ಎಂಬ ಊರಿನಿಂದಾಚೆ ತೋಟಗಳ ನಡುವಿದ್ದ ಆ ಹೆಂಚಿನ ಮನೆಗೆ ಬೋರ್ಡಿರಲಿಲ್ಲ. ಊರಿನವರ ಪಾಲಿಗೆ ಅದು ಹೂ ಕಟ್ಟುವ ಮನೆ. ಗಂಡನ ಹೊಡೆತ ತಾಳದೆ ಓಡಿಬಂದವರಿಗೆ ಅದೊಂದೇ ಮನೆ. ಆ ವಿಷಯ ಹೆಂಗಸಿನಿಂದ ಹೆಂಗಸಿಗೆ, ಪಿಸುಮಾತಿನಲ್ಲಷ್ಟೇ ದಾಟುತ್ತಿತ್ತು.

ಮುನಿಲಕ್ಷ್ಮಿಯ ಗಂಡ ಬೀರೇಶ್ ಮೂಕಂಡಪಲ್ಲಿಯಲ್ಲಿ ಫ್ಯಾಕ್ಟರಿ ಕೆಲಸದವನು. ಹೆಂಡತಿಗಾಗಿ ಊರೂರು ಜಾಲಾಡುತ್ತಿದ್ದ. ಹೋದ ತಿಂಗಳು ಗುರುತಿನ ಕಾರ್ಡು ಹಾಕಿಕೊಂಡು, ಕರೆಂಟು ಮೀಟರ್ ನೋಡುವ ನೆಪ ಹೇಳಿ ಅವನ ತಮ್ಮ ಇದೇ ಗೇಟಿನವರೆಗೆ ಬಂದಿದ್ದ. ದನಿ ಕೇಳಿಯೇ ಮುನಿಲಕ್ಷ್ಮಿ ಗುರುತು ಹಿಡಿದಿದ್ದಳು. ಅಂದಿನಿಂದ ಗಂಗರತ್ನಮ್ಮ ಕೊರಳಲ್ಲಿ ಕಾರ್ಡು ನೇತುಹಾಕಿಕೊಂಡು ಬರುವವರನ್ನು ನಂಬುವುದನ್ನೇ ಬಿಟ್ಟಿದ್ದಳು.

ಈಗ ಬಂದವಳ ಕೊರಳಲ್ಲೂ ಕಾರ್ಡಿತ್ತು. ಕೈಯಲ್ಲಿ ಟ್ಯಾಬು. ತಳಿಯ ಚಳಿಗೆ ಹೊಸಬಳಿರಬೇಕು, ದುಪಟ್ಟಾವನ್ನು ಕತ್ತಿನ ಸುತ್ತ ಬಿಗಿಯಾಗಿ ಸುತ್ತಿಕೊಂಡಿದ್ದಳು.

"ನನ್ನ ಹೆಸರು ಸೌಮ್ಯ ಅಂತಮ್ಮ. ಕೃಷ್ಣಗಿರಿಯಿಂದ ಬಂದಿದೀನಿ. ತಮಿಳುನಾಡಲ್ಲಿ ಒಟ್ಟು ಎಷ್ಟು ಸೇವಾ ಸಂಸ್ಥೆ ಅವೆ, ಯಾವ್ಯಾವ ಕೆಲಸ ಮಾಡ್ತವೆ ಅಂತ ಸರ್ವೆ. ಬೆಳಗು ಮಹಿಳಾ ಟ್ರಸ್ಟ್ ಇದೇ ಅಲ್ವಾ?"

ಹೆಸರು ಹಿಡಿದು ಕೇಳಿದಳು. ಗಂಗರತ್ನಮ್ಮನ ಬೆರಳಲ್ಲಿ ದಾರ ನಿಂತಿತು.

"ಇದೇಯಾ. ಇತ್ತು ಒಂದು ಕಾಲ್ದಾಗೆ. ಕೂತ್ಕೋಮ್ಮ."

ಸೌಮ್ಯ ಬಾಗಿಲು ಕಾಣುವ ಹಾಗೆ ಕೂತಳು. ಗೇಟಿನಾಚೆ ಬಿಳಿ ಕಾರು. ಒಳಗಿದ್ದವನು ಗಾಜು ಇಳಿಸಿ ಮನೆಯತ್ತಲೇ ನೋಡುತ್ತಿದ್ದ.

"ಡ್ರೈವರ್‌ಗೂ ಒಂದ್ಲೋಟ ಟೀ ಕೊಟ್ಟು ಬತ್ತೀನಿ," ಎಂದು ಗಂಗರತ್ನಮ್ಮ ಎದ್ದಳು. ಅವನ ಮುಖ ಹತ್ತಿರದಿಂದ ನೋಡಬೇಕಿತ್ತು.

"ಬೇಡಮ್ಮ," ಸೌಮ್ಯ ತಟ್ಟನೆ ಅಂದಳು. "ಅವ್ರು ಅಲ್ಲೇ ಇರ್ಲಿ."

ಗಂಗರತ್ನಮ್ಮ ಮತ್ತೆ ಕೂತಳು. ಮುಖ ತೋರಿಸಬಾರದವನನ್ನು ಕರೆದುಕೊಂಡು ಬಂದಿದ್ದಾಳೆ ಇವಳು.

ಸೌಮ್ಯ ಸರ್ವೆಯ ಮಾತಾಡಿದಳು. ನೋಂದಣಿಯಾದ ಸಂಸ್ಥೆಗಳು ರಾಜ್ಯದಲ್ಲಿ ಲೆಕ್ಕವಿಲ್ಲದಷ್ಟಿವೆಯಂತೆ, ಉಸಿರಾಡುತ್ತಿರುವವು ಯಾವುವು ಎಂದು ನೋಡಬೇಕಂತೆ. ಇವಳು ಹೋದ ಕಡೆಯೆಲ್ಲ ಬೀಗ. ಒಂದು ವೃದ್ಧಾಶ್ರಮದ ವಿಳಾಸದಲ್ಲಿ ಗೊಬ್ಬರದಂಗಡಿ ಇತ್ತಂತೆ.

"ಇಲ್ಲಿ ಏನು ಕೆಲಸ ನಡೀತದಮ್ಮ?"

"ಹೂ ಕಟ್ತೀವಿ."

"ಅಷ್ಟೇನಾ?"

"ಅಷ್ಟೇಯಾ."

"ಹಂಗಾದ್ರೆ ಕೆಲಸ ನಿಂತೋಗಿದೆ ಅಂತ ಹಾಕ್ಬೇಕಾಗ್ತದೆ."

ಗಂಗರತ್ನಮ್ಮ ಮಾಲೆಯ ಗಂಟು ಬಿಗಿದಳು. ಮುರಿದ ಕೈಯೊಂದಿಗೆ ಬಂದವರನ್ನು ಆಸ್ಪತ್ರೆಗೆ ಹೊತ್ತೊಯ್ದದ್ದು, ಗುಲಾಬಿ ತೋಟಗಳಲ್ಲಿ ಅವರಿಗೆ ಕೆಲಸ ಹುಡುಕಿಕೊಟ್ಟದ್ದು, ಕೋರ್ಟಿನ ಮೆಟ್ಟಿಲ ಮೇಲೆ ಅವರ ಜೊತೆ ಕಾದದ್ದು. ಲೆಕ್ಕದಲ್ಲಿ ಅದಾವುದೂ ಇಲ್ಲವೆಂದಾಗುತ್ತದೆ.

"ಹಂಗೇ ಹಾಕ್ಕೋ," ಎಂದಳು.

ಸೌಮ್ಯಳ ಬೆರಳು ಟ್ಯಾಬನ್ನು ಮುಟ್ಟಲಿಲ್ಲ. ಪರದೆ ಆಗಲೇ ಕಪ್ಪಾಗಿತ್ತು. ಆದರೂ ಪ್ರಶ್ನೆ ನಿಲ್ಲಲಿಲ್ಲ.

"ರಾತ್ರಿ ಹೊತ್ತು ಇಲ್ಲಿ ಯಾರಾದ್ರೂ ಇರ್ತಾರಾ?"

"ನಾನೊಬ್ಳೇ."

"ಗಂಡಸ್ರು ಯಾರಾದ್ರೂ ನುಗ್ಗಿದ್ರೆ?"

"ಯಾಕಮ್ಮ ನುಗ್ತಾರೆ?"

"ಪೊಲೀಸ್ರು ಬರೋಕೆ ಎಷ್ಟೊತ್ತಾಗ್ತದೆ?"

ಇದು ಯಾವ ಸರ್ವೆ? ಗಂಗರತ್ನಮ್ಮ ಸೆರಗು ಬಿಗಿದುಕೊಂಡಳು. ಇವಳ ಕಣ್ಣು ಪ್ರಶ್ನೆಗೊಮ್ಮೆ ಕಾರಿನ ಕಡೆ ಓಡುತ್ತಿತ್ತು, ಅಪ್ಪಣೆಗೆ ಕಾಯುವವಳ ಹಾಗೆ.

ಅಷ್ಟರಲ್ಲಿ ಒಳಕೋಣೆಯಲ್ಲಿ ಮಗು ಕೆಮ್ಮಿತು. ಅದರ ಹಿಂದೆಯೇ, "ಶ್, ಸುಮ್ಕಿರು ಕಂದ," ಎಂದ ಮುನಿಲಕ್ಷ್ಮಿಯ ದನಿ.

ಸೌಮ್ಯ ಅಗುಳಿ ಹಾಕಿದ್ದ ಬಾಗಿಲನ್ನು ನೋಡಿದಳು. ಅವಳ ಮುಖದ ಬಿಗಿ ಸಡಿಲವಾಯಿತು, ಹುಡುಕುತ್ತಿದ್ದುದು ಕಡೆಗೂ ಸಿಕ್ಕಿದವಳ ಹಾಗೆ.

"ಹಂಗಾದ್ರೆ ನಿಜ," ಎಂದಳು ಮೆಲ್ಲಗೆ. "ಓಡಿಬಂದೋರ್ನ ಇಲ್ಲಿ ಇಟ್ಕೋತೀರ."

"ನನ್ನ ಮಗಳು ಬಾಣಂತನಕ್ಕೆ ಬಂದವ್ಳೆ. ನಿನ್ನ ಕೆಲಸ ಆಯ್ತಲ್ಲ, ಎದ್ದೇಳು ಇನ್ನ."

ಹೊರಗೆ ಹಾರನ್ ಕೂಗಿತು. ಒಮ್ಮೆ. ಮತ್ತೊಮ್ಮೆ, ಉದ್ದಕ್ಕೆ. ಕಾರಿನ ಬಾಗಿಲು ತೆರೆದು ಬಡಿದ ಸದ್ದು. ಗೇಟು ಕಿರುಗುಟ್ಟಿತು.

ಸೌಮ್ಯ ಎದ್ದಳು. ಹೊರಗೆ ಹೋಗಲಿಲ್ಲ. ಬೀದಿಬಾಗಿಲನ್ನು ದೂಡಿ ಒಳಗಿನಿಂದ ಚಿಲಕ ಹಾಕಿಬಿಟ್ಟಳು.

ಗಂಗರತ್ನಮ್ಮ ಮೂಲೆಯಲ್ಲಿದ್ದ ಕುಡುಗೋಲು ಹಿಡಿದು ಒಳಕೋಣೆಗೆ ಅಡ್ಡ ನಿಂತಳು. "ಬೀರೇಶನ ಕಡೆಯವ್ಳೇನೇ ನೀನು? ನನ್ನ ಕಡಿದು ಒಳಕ್ಕೋಗ್ಬೇಕು, ತಿಳ್ಕೋ."

"ಬೀರೇಶ್ ಯಾರೋ ನಂಗೊತ್ತಿಲ್ಲಮ್ಮ." ಸೌಮ್ಯ ಬಾಗಿಲಿಗೆ ಬೆನ್ನು ಒತ್ತಿ ನಿಂತಳು. ಹೊರಗಿನಿಂದ ಅವಳ ಹೆಸರು ಹಿಡಿದು ಕೂಗುತ್ತ ಯಾರೋ ಬಾಗಿಲು ಗುದ್ದತೊಡಗಿದರು.

"ಅವ್ರು ಡ್ರೈವರ್ ಅಲ್ಲ, ನನ್ನ ಗಂಡ," ಎಂದಳು. "ನನ್ನೂ ಒಳಗೆ ಸೇರಿಸ್ಕೊಳ್ಳಿ."