ಮೋಟುವಿನ ಹೆಣ್ಣುಮಕ್ಕಳು

ಮೋಟು ಟಗರನ್ನು ಟೆಂಪೋಗೆ ಹತ್ತಿಸುವಾಗ ದೇವದಾಸ್ ಮುಖ ಅತ್ತ ತಿರುಗಿಸಿಕೊಂಡ. ಕಿವಿ ಗಿಡ್ಡವಾಗಿ ಹುಟ್ಟಿದ್ದಕ್ಕೆ ಅದಕ್ಕೆ ಆ ಹೆಸರು. ಗಾಡಿ ಹೋಗುವುದು ಕಲ್ಯಾಣದ ಕಟುಕನ ಅಂಗಡಿಗೆ. ಅದೊಂದು ಗೊತ್ತಿಲ್ಲದ್ದು ಟಗರಿಗೆ ಮಾತ್ರ.

ಮುಂಬಯಿ ಪಕ್ಕದ ಥಾಣೆಯ ನೌಪಾಡಾದಲ್ಲಿ ಉಡುಪಿ ಹೋಟೆಲು ನಡೆಸುವ ಈ ಮನುಷ್ಯನಿಗೆ ಕುರಿಹಾಲಿನ ಹುಚ್ಚು. ಅದರ ಚೀಸ್‌ಗೆ ನವಿ ಮುಂಬಯಿಯಲ್ಲಿ ಗಿರಾಕಿಗಳಿದ್ದಾರೆಂದು ಕಲ್ಯಾಣದ ಹೊರಗೆ ಶೆಡ್ ಹಾಕಿಸಿದ್ದ. ಹಿಂಡಿನಲ್ಲೇ ಹೆಚ್ಚು ಹಾಲು ಕೊಡುತ್ತಿದ್ದ ಕುರಿಯ ಮಗ ಈ ಮೋಟು. ತಾಯಿಯ ಗುಣ ಮಗನಿಗೆ ಬಂದಿದೆಯೇ ಎಂದು ಟಗರಿನ ಹಾಲು ಕರೆದು ನೋಡಲಾಗುವುದಿಲ್ಲವಲ್ಲ. ಅದರ ಹೆಣ್ಣುಮಕ್ಕಳು ಹುಟ್ಟಿ, ಬೆಳೆದು, ಮರಿ ಹಾಕುವ ತನಕ ಕಾಯಬೇಕು. ದೇವದಾಸ್ ವರ್ಷಗಟ್ಟಲೆ ಕಾದ. ಈಗ ನೋಡಿದರೆ ಆ ಹೆಣ್ಣುಮಕ್ಕಳಲ್ಲಿ ಅರ್ಧಕ್ಕರ್ಧ ಕುರಿಗಳ ಹಾಲು ಒಂದು ಚಹಾಕ್ಕೂ ಸಾಲದು. ಅವನಿಗೆ ಅಳುವೇ ಬಂದಿತ್ತು.

ಮೋಟುವಿನ ಪ್ರಾಯಕಾಲದಲ್ಲಿ ಹಿಂಡಿನೊಳಗೆ ಇನ್ನೊಂದು ಉದ್ದ ಕಿವಿಯ ಟಗರೂ ಇತ್ತು. ಟಗರಿನ ಎದೆಗೆ ಬಣ್ಣ ಬಳಿದರೆ ಅದು ಕೂಡಿದ ಕುರಿಯ ಬೆನ್ನಿಗೆ ಅಂಟುತ್ತದೆ, ಗುರುತು ಸಿಗುತ್ತದೆ ಎಂದು ಯಾರೋ ಹೇಳಿದ್ದರು. ಹೋಟೆಲಿನವನ ಕೈಗೆ ಸಿಕ್ಕಿದ್ದು ಶಿರಾಕ್ಕೆ ಹಾಕುವ ಕೇಸರಿ ಬಣ್ಣ. ಅದನ್ನೇ ಡಾಲ್ಡಾದಲ್ಲಿ ಕಲಸಿ ಮೋಟುವಿನ ಎದೆಗೆ ಬಳಿದ. ವಾರದೊಳಗೆ ಇಡೀ ಹಿಂಡಿನ ಬೆನ್ನು ಕೇಸರಿಯಾಯಿತು. ಟಗರಿನ ಪರಾಕ್ರಮಕ್ಕೆ ಹಿಗ್ಗಿದ ದೇವದಾಸ್, ಹುಟ್ಟಿದ ಮರಿಗಳೆಲ್ಲ ಮೋಟುವಿನವೇ ಎಂದು ನಂಬಿಬಿಟ್ಟ.

ಹಾಲಿನ ಪಾತ್ರೆ ಹಿಡಿದು ಶೆಡ್ಡಿನಲ್ಲಿ ನಿಂತಿದ್ದ ಹೆಂಡತಿ ಮೋಹಿನಿ ಕರೆದಳು. "ಸ್ವಲ್ಪ ಇಲ್ಲಿ ಬನ್ನಿ ಮಾರಾಯ್ರೆ. ಹಾಲಿಲ್ಲದ್ದೆಲ್ಲ ಉದ್ದ ಕಿವಿಯದ್ದೇ. ಹಾಲು ಉಂಟಲ್ಲ, ಅವುಗಳ ಕಿವಿ ನೋಡಿ."

ಇಷ್ಟು ದಿನ ಕೆಚ್ಚಲು ಬಿಟ್ಟು ಬೇರೇನೂ ನೋಡದ ದೇವದಾಸ್ ಈಗ ಒಂದೊಂದೇ ಕುರಿಯ ತಲೆ ಹಿಡಿದು ನೋಡಿದ. ಹಾಲು ಕೊಡುವ ಅಷ್ಟಕ್ಕೂ ಗಿಡ್ಡ ಕಿವಿ.

"ನಿಮ್ಮ ಡಾಲ್ಡಾ ಮೈಯಿಂದ ಮೈಗೆ ಉಜ್ಜಿ ಹೋಗಿದೆ ಅಷ್ಟೆ. ಆ ಉದ್ದ ಕಿವಿಯವು ಮೋಟುವಿನ ಮಕ್ಕಳೇ ಅಲ್ಲ."

ಹೊರಗೆ ಟೆಂಪೋ ಸ್ಟಾರ್ಟ್ ಆಯಿತು. ದೇವದಾಸ್ ಲುಂಗಿ ಎತ್ತಿಕಟ್ಟಿ ಓಡಿ ಗಾಡಿಗೆ ಅಡ್ಡ ನಿಂತ. "ರುಕ್ ರೇ ಸಂದೇಶ. ಉತಾರ್ ದೇ ಉಸ್ಕೋ."

ಡ್ರೈವರ್ ಸಂದೇಶ ಗೊಣಗುತ್ತ ಹಿಂಬಾಗಿಲು ತೆರೆದ. ಮೋಟು ಇಳಿದು, ಏನೂ ಆಗದವರ ಹಾಗೆ ನೇರ ಹಿಂಡಿಯ ಬುಟ್ಟಿಗೆ ಬಾಯಿ ಹಾಕಿತು. ದೇವದಾಸ್ ಅದರ ಕುತ್ತಿಗೆ ತಬ್ಬಿ ಅಲ್ಲೇ ಕುಳಿತ. ಹೋದ ಜೀವ ಬಂದಂತಾಗಿತ್ತು.

"ಅಲ್ಲ ಮೋಹಿನಿ, ಕಿವಿ ನೋಡಬೇಕೂಂತ ನಿನಗೆ ಹೇಗೆ ಹೊಳೆಯಿತು?"

ಮೋಹಿನಿ ಹಾಲು ಸೋಸುತ್ತಿದ್ದಳು. ತಲೆ ಎತ್ತಲಿಲ್ಲ.

"ನಮ್ಮ ವಿಕಾಸ್ ಹುಟ್ಟಿದಾಗ ನಿಮ್ಮ ಅಮ್ಮ ಮೊದಲು ನೋಡಿದ್ದು ಅವನ ಕಿವಿ. ನನ್ನ ಮುಖ ನೋಡಿದ್ದು ಆಮೇಲೆ."