ಇಳೀಬೇಡಿ ಅತ್ತೆ

ಜಲ್ಲಿ ಸುರಿದ ಟಿಪ್ಪರು ಎತ್ತಿದ ತೊಟ್ಟಿಯನ್ನು ಇಳಿಸದೆಯೇ ಹೊರಟುಬಿಟ್ಟಿತು. ವಿದ್ಯುತ್ ತಂತಿ ಅದಕ್ಕೆ ಸಿಕ್ಕಿ ಕಿತ್ತುಬಂದು, ರಸ್ತೆ ಬದಿ ನಿಂತಿದ್ದ ಕಾರಿನ ಮೇಲೆ ಬಿತ್ತು. ಬಾನೆಟ್ಟಿನ ಮೇಲೆ ನೀಲಿ ಕಿಡಿ ಚಟಪಟ ಸಿಡಿಯಿತು. ಒಳಗಿದ್ದವರು ಅತ್ತೆ, ಸೊಸೆ ಇಬ್ಬರೇ. ಮಗ ಎದುರಿನ ಔಷಧದ ಅಂಗಡಿಗೆ ಹೋಗಿದ್ದ.

ಹಿಂದಿನ ಸೀಟಿನಲ್ಲಿದ್ದ ಅತ್ತೆ ಬಾಗಿಲಿನ ಹಿಡಿಗೆ ಕೈ ಹಾಕಿದರು. ಮುಂದಿದ್ದ ಸೊಸೆ ಗಬಕ್ಕನೆ ತಿರುಗಿ ಆ ಕೈಯನ್ನು ಹಿಡಿದುಕೊಂಡಳು.

“ಇಳೀಬೇಡಿ ಅತ್ತೆ!”

“ಬಿಡೇ! ಇಲ್ಲೇ ಸುಟ್ಟು ಕರಕಲಾಗಬೇಕಾ?”

“ಒಳಗಿದ್ರೆ ಏನೂ ಆಗಲ್ಲ. ಕಾರಿನ ತಗಡು, ಸೀಟು, ನೀವು, ನಾನು, ಎಲ್ಲಾ ಈಗ ಒಂದೇ ವೋಲ್ಟೇಜಲ್ಲಿದೀವಿ. ವ್ಯತ್ಯಾಸ ಇಲ್ಲದ ಕಡೆ ಕರೆಂಟು ಹರಿಯಲ್ಲ. ಒಂದು ಕಾಲು ನೆಲಕ್ಕಿಟ್ರೋ, ನಿಮ್ಮ ಮೈಯೊಳಗೇ ಹರಿಯುತ್ತೆ.”

“ನಿನ್ನ ಫ್ಯಾಕ್ಟರಿ ಪಾಠ ಫ್ಯಾಕ್ಟರೀಲೇ ಇಟ್ಕೋ.”

ಸೊಸೆ ಟ್ರಾನ್ಸ್‌ಫಾರ್ಮರ್ ಕಾರ್ಖಾನೆಯಲ್ಲಿ ಪರೀಕ್ಷೆಯ ಕೆಲಸದವಳು. ಆದರೂ ಮನೆಯಲ್ಲಿ ಮಿಕ್ಸಿ ಕೆಟ್ಟರೆ ಅತ್ತೆ ಬೇರೆಯವರನ್ನೇ ಕರೆಸುತ್ತಿದ್ದರು. ಈಗ ಅವಳು ಒಂದು ಕೈಯಲ್ಲಿ ಅತ್ತೆಯನ್ನು ಬಿಗಿಯಾಗಿ ಹಿಡಿದೇ ಇನ್ನೊಂದು ಕೈಯಲ್ಲಿ ವಿದ್ಯುತ್ ಕಚೇರಿಗೆ ಫೋನ್ ಮಾಡಿದಳು. “ಲೈನ್ ಆಫ್ ಮಾಡಿಸ್ತೀವಿ, ಹತ್ತು ನಿಮಿಷ” ಎಂದರು.

ಅಷ್ಟರಲ್ಲಿ ಮಗ ಅಂಗಡಿಯಿಂದ ಹೊರಬಿದ್ದವನೇ ಕಾರಿನತ್ತ ಓಡತೊಡಗಿದ. ಸೊಸೆ ಗಾಜು ಇಳಿಸಿ, “ರೀ, ಬರಬೇಡಿ!” ಎಂದು ಕಿರುಚಿದಳು. ಅವನು ನಿಲ್ಲಲಿಲ್ಲ.

“ಅತ್ತೆ, ಅಪಾಯ ಇರೋದು ನಮಗಲ್ಲ, ಅವರಿಗೆ! ಕಾರಿನ ಸುತ್ತ ನೆಲದಲ್ಲೂ ಕರೆಂಟಿದೆ. ಹತ್ತಿರ ಬಂದಷ್ಟೂ ಹೆಜ್ಜೆಹೆಜ್ಜೆಗೂ ಜಾಸ್ತಿ. ನನ್ನ ಮಾತು ಕೇಳ್ತಿಲ್ಲ, ನೀವು ಹೇಳಿ!”

ಅತ್ತೆ ಸೊಸೆಯ ಮುಖ ನೋಡಿದರು. ಅವಳ ಕಣ್ಣು ಗಂಡನ ಹೆಜ್ಜೆಗಳ ಮೇಲೇ ನೆಟ್ಟಿತ್ತು; ಆದರೂ ತಮ್ಮ ಮಣಿಕಟ್ಟನ್ನು ಅವಳು ಬಿಟ್ಟಿರಲಿಲ್ಲ. ಬಾಗಿಲಿನ ಹಿಡಿ ಬಿಟ್ಟು, ಮುಂದಕ್ಕೆ ಬಾಗಿ, ಗಂಟಲು ಹರಿಯುವಂತೆ ಕೂಗಿದರು:

“ಲೋ, ನಿಲ್ಲೋ ಅಲ್ಲೇ! ಇನ್ನೊಂದು ಹೆಜ್ಜೆ ಇಟ್ರೆ ನನ್ನಾಣೆ!”

ಹತ್ತು ಮಾರು ದೂರದಲ್ಲಿ ಮಗ ಗಕ್ಕನೆ ನಿಂತ.

ಹತ್ತು ನಿಮಿಷ ಇಪ್ಪತ್ತಾಯಿತು. ನಡುವೆ ಕಿಡಿ ತಾನಾಗಿ ಆರಿತು. ಇಳಿಯಬಹುದಾ ಎಂದು ಅತ್ತೆ ಕಣ್ಣಲ್ಲೇ ಕೇಳಿದರು. ಸೊಸೆ ತಲೆ ಅಡ್ಡ ಆಡಿಸಿದಳು. “ಕಿಡಿ ಆರಿದ್ರೂ ತಂತೀಲಿ ಕರೆಂಟಿರಬಹುದು.” ಮಗ ಅತ್ತ ಹೋಗಲಾರದೆ ಇತ್ತ ಬರಲಾರದೆ, ಮಾತ್ರೆಯ ಪೊಟ್ಟಣ ಹಿಸುಕುತ್ತ ನಿಂತೇ ಇದ್ದ.

ಕೊನೆಗೆ ಲೈನ್‌ಮನ್ ಬಂದ. ಎರಡೆರಡು ಸಲ ಪರೀಕ್ಷಿಸಿ, ತಂತಿಯನ್ನು ಎಳೆದುಹಾಕಿ, ಹಿಂದಿನ ಬಾಗಿಲು ತೆರೆದ. “ಲೈನ್ ಆಫ್ ಆಗಿದೆ, ಇಳೀರಿ ಅಮ್ಮ.”

ಮಗನೂ ಓಡಿ ಬಂದು ಕೈ ಚಾಚಿದ. “ಬಾಮ್ಮ.”

ಅತ್ತೆ ಕದಲಲಿಲ್ಲ.

“ತಡೀರೋ,” ಎಂದರು. “ಅವಳು ಹೇಳಲಿ.”